ಹಸಿ ಬೆಳ್ಳುಳ್ಳಿ ತಿನ್ನುವ ಕ್ರಮ: ಜಜ್ಜಿ, ಹತ್ತು ನಿಮಿಷ ಬಿಟ್ಟು, ಊಟದ ಜೊತೆ

"ದಿನಾ ಬೆಳಿಗ್ಗೆ ಎರಡು ಎಸಳು ನುಂಗ್ತಾ ಇದ್ದೀನಿ, ಆದ್ರೂ ನೆಗಡಿ ಬಿಡ್ತಾ ಇಲ್ಲ." "ಹೊಟ್ಟೆ ಉರಿ ತಡೆಯೋಕಾಗ್ದೆ ಮೂರನೇ ದಿನಕ್ಕೇ ಬಿಟ್ಟೆ." ಈ ಎರಡು ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಬೇರೆ ಬೇರೆ, ತಪ್ಪು ಮಾತ್ರ ಅದೇ. ಇಡೀ ಎಸಳನ್ನು ಮಾತ್ರೆ ಥರ ನೀರಿನ ಜೊತೆ ನುಂಗುತ್ತಾರೆ. ಇಲ್ಲವೇ ಜಜ್ಜಿದ ತಕ್ಷಣ ಬಿಸಿ ಹಾಲಿಗೋ ನಿಂಬೆರಸಕ್ಕೋ ಹಾಕಿಬಿಡುತ್ತಾರೆ. ಅದೂ ಖಾಲಿ ಹೊಟ್ಟೆಗೆ.

ಹಸಿ ಬೆಳ್ಳುಳ್ಳಿಯಲ್ಲಿ ಎಷ್ಟು ತಿಂದಿರಿ ಅನ್ನುವುದಕ್ಕಿಂತ ಯಾವುದರ ನಂತರ ಯಾವುದು ಮಾಡಿದಿರಿ ಅನ್ನುವುದೇ ಮುಖ್ಯ. ಆ ಕ್ರಮವನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

## ಮೊದಲು ಒಂದು ಮಾತು: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬೆಳ್ಳುಳ್ಳಿ ತಿಂದರೆ ರೋಗನಿರೋಧಕ ಶಕ್ತಿ ಸ್ವಿಚ್ ಒತ್ತಿದ ಹಾಗೆ ಏರುವುದಿಲ್ಲ. ನೆಗಡಿಯ ವಿಷಯದಲ್ಲಿ ಜನ ಪದೇ ಪದೇ ತೋರಿಸುವ ಪ್ರಯೋಗ 2001ರಲ್ಲಿ ಪ್ರಕಟವಾದದ್ದು. 146 ಜನ, 12 ವಾರ. ಬೆಳ್ಳುಳ್ಳಿ ಗುಳಿಗೆ ತೆಗೆದುಕೊಂಡ ಗುಂಪಿನಲ್ಲಿ 24 ಸಲ ನೆಗಡಿ, ಸುಮ್ನೆ ಹುಸಿ ಗುಳಿಗೆ ತಿಂದ ಗುಂಪಿನಲ್ಲಿ 65 ಸಲ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅದು ಹಸಿ ಎಸಳಲ್ಲ, ಗುಳಿಗೆ. ಮೇಲಾಗಿ ಒಂದೇ ಪ್ರಯೋಗ. ನೆಗಡಿ ಹಿಡಿದ ಮೇಲೆ ವಾಸಿಯಾಗಲು ಬೇಕಾದ ದಿನಗಳಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಂಥ ಪ್ರಯೋಗಗಳನ್ನು ಅಳೆದು ತೂಗುವ ಕಾಕ್ರೇನ್ ಸಂಸ್ಥೆಯವರು "ಇಷ್ಟು ಆಧಾರ ಸಾಲದು" ಎಂದೇ ಬರೆದಿದ್ದಾರೆ. ಬೆಳ್ಳುಳ್ಳಿ ಒಳ್ಳೆಯ ಆಹಾರವೇ, ಆದರೆ ಅದು ಕೊರೊನಾ ತಡೆಯುತ್ತದೆ ಎನ್ನಲು ಆಧಾರವಿಲ್ಲ ಅಂತ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತ್ತು.

ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಔಷಧಿಯಲ್ಲ, ಊಟದ ಅಭ್ಯಾಸ. ಲಸಿಕೆಯ ಬದಲಿಗೆ ಅಲ್ಲ, ಡಾಕ್ಟರು ಕೊಟ್ಟ ಮಾತ್ರೆಯ ಬದಲಿಗೂ ಅಲ್ಲ. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

## ಹಂತ 1: ನಿಮಗೆ ಆಗುತ್ತದೆಯೇ ಎಂದು ನೋಡಿಕೊಳ್ಳಿ

ಈ ಹಂತವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಅದಕ್ಕೇ ಮೊದಲಿಗೆ ಇಟ್ಟಿದ್ದೇನೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹಸಿ ಬೆಳ್ಳುಳ್ಳಿ ಶುರು ಮಾಡಬೇಡಿ. ವಾರ್ಫರಿನ್, ಕ್ಲೋಪಿಡೊಗ್ರೆಲ್, ಹೃದಯಕ್ಕೆಂದು ದಿನಾ ನುಂಗುವ ಸಣ್ಣ ಆಸ್ಪಿರಿನ್ ಎಲ್ಲವೂ ಇದರಲ್ಲಿ ಬರುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಹಸಿ ಬೆಳ್ಳುಳ್ಳಿಯೂ ಸ್ವಲ್ಪ ತಡೆಯುತ್ತದೆ. ಎರಡೂ ಸೇರಿದರೆ ರಕ್ತಸ್ರಾವದ ಭಯ. ಸಾರಿನ ಒಗ್ಗರಣೆಗೆ ಬೀಳುವ ಬೆಳ್ಳುಳ್ಳಿಗೆ ಹೆದರಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ದಿನಾ ತಿನ್ನುವ ಹಸಿಯದರ ಬಗ್ಗೆ.

ಆಪರೇಷನ್ ಇದೆಯೇ? ಹಲ್ಲು ಕೀಳಿಸುವುದಿದೆಯೇ? ಕಡಿಮೆಯೆಂದರೂ ಒಂದು ವಾರ ಮೊದಲೇ ನಿಲ್ಲಿಸಿ. "ಬೆಳ್ಳುಳ್ಳಿ ತಿಂತಿದ್ದೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮನೆಮದ್ದನ್ನು ಡಾಕ್ಟರ ಹತ್ತಿರ ಹೇಳಲು ನಾಚಿಕೊಳ್ಳುವವರೇ ಜಾಸ್ತಿ. ಅವರು ಬೈಯುವುದಿಲ್ಲ, ಬರೆದುಕೊಳ್ಳುತ್ತಾರೆ ಅಷ್ಟೆ.

ಎಚ್‌ಐವಿಗೆ ಔಷಧಿ ತೆಗೆದುಕೊಳ್ಳುವವರೂ ಕೇಳಲೇಬೇಕು. ಸಕ್ವಿನಾವಿರ್ ಎಂಬ ಔಷಧಿಯ ಪ್ರಮಾಣ ಬೆಳ್ಳುಳ್ಳಿ ಗುಳಿಗೆಯಿಂದ ರಕ್ತದಲ್ಲಿ ಅರ್ಧಕ್ಕರ್ಧ ಇಳಿದದ್ದು ಗೊತ್ತಿದೆ.

ಎದೆಯುರಿ, ಹುಳಿತೇಗು, ಹೊಟ್ಟೆಹುಣ್ಣು ಇರುವವರಿಗೆ ಹಸಿಯದು ಬೇಡ. ಬೇಯಿಸಿದ್ದನ್ನು ತಿನ್ನಿ. ಈರುಳ್ಳಿ ತಿಂದರೆ ಹೊಟ್ಟೆ ಉಬ್ಬುವವರಿಗೆ ಬೆಳ್ಳುಳ್ಳಿಯೂ ಉಬ್ಬಿಸುತ್ತದೆ, ಎರಡರಲ್ಲೂ ಇರುವುದು ಅದೇ ಬಗೆಯ ನಾರು. ಬಸುರಿಯರು, ಬಾಣಂತಿಯರು ಅಡುಗೆಯಲ್ಲಿ ಎಂದಿನಂತೆ ಬಳಸಲಿ. ಹಸಿಯದನ್ನು ಔಷಧಿ ಥರ ತಿನ್ನುವುದು ಬೇಡ. ಐದಾರು ವರ್ಷದೊಳಗಿನ ಮಕ್ಕಳಿಗೆ ನಾನಂತೂ ಕೊಡುವುದಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ನಾಲಿಗೆ ಸುಡುತ್ತದೆ, ಆಮೇಲೆ ಆ ಮಗು ಬೆಳ್ಳುಳ್ಳಿ ಹಾಕಿದ ಸಾರನ್ನೂ ಮುಟ್ಟುವುದಿಲ್ಲ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ದೊಡ್ಡದೇನೂ ಬೇಡ. ಒಂದು ಕುಟ್ಟಾಣಿ, ಕಲ್ಲಿನದಾಗಲಿ ಹಿತ್ತಾಳೆಯದಾಗಲಿ. ಮುಚ್ಚಳ ಇರುವ ಪುಟ್ಟ ಗಾಜಿನ ಅಥವಾ ಸ್ಟೀಲ್ ಬಟ್ಟಲು. ನಾಲ್ಕು ಹರಳು ಕಲ್ಲುಪ್ಪು. ಮೊಬೈಲಿನ ಟೈಮರ್. ಕುಟ್ಟಾಣಿ ಇಲ್ಲದಿದ್ದರೆ ಅಗಲ ಚಾಕುವಿನ ಮಗ್ಗುಲಿನಿಂದ ಒತ್ತಿ, ಸಣ್ಣಗೆ ಹೆಚ್ಚಿ. ಲೋಟದ ತಳದಲ್ಲಿ ಗುದ್ದಿದರೂ ನಡೆಯುತ್ತದೆ.

ಮನೆಯಲ್ಲಿ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಂದೇ ಒಂದು ಸಲ ಎಸಳು ತೂಗಿ ನೋಡಿ. "ಎರಡು ಎಸಳು" ಅನ್ನುವ ಅಳತೆ ಎಷ್ಟು ಮೋಸದ್ದು ಅಂತ ಆಗ ಗೊತ್ತಾಗುತ್ತದೆ. ನಾನು ತೂಗಿದಾಗ ಜವಾರಿ ಗಡ್ಡೆಯ ಒಳಗಿನ ಎಸಳು ಒಂದು ಗ್ರಾಂ ಕೂಡ ಬರಲಿಲ್ಲ. ಅದೇ ಅಂಗಡಿಯ ದಪ್ಪ ಬೆಳ್ಳುಳ್ಳಿಯ ಹೊರಗಿನ ಎಸಳು ಐದು ಗ್ರಾಂ ತೂಗಿತು. ಅಂದರೆ ಒಬ್ಬರ "ಎರಡು ಎಸಳು" ಎರಡು ಗ್ರಾಂ ಕೂಡ ಇಲ್ಲ, ಇನ್ನೊಬ್ಬರದು ಹತ್ತು ಗ್ರಾಂ. ಹೊಟ್ಟೆ ಉರಿಯಿತು ಎನ್ನುವವರಲ್ಲಿ ಅರ್ಧ ಜನ ಈ ಹತ್ತು ಗ್ರಾಂನವರೇ ಇರಬೇಕು ಅಂತ ನನ್ನ ಅನುಮಾನ.

## ಹಂತ 3: ಗಡ್ಡೆ ಆರಿಸುವುದು

ಹಿಡಿದರೆ ಗಟ್ಟಿಯಾಗಿರಬೇಕು, ಗಾತ್ರಕ್ಕೆ ತಕ್ಕ ತೂಕ ಇರಬೇಕು. ಸಿಪ್ಪೆ ಒಣಗಿ ಗರಿಗರಿ ಅನ್ನಬೇಕು. ಹೆಬ್ಬೆರಳಲ್ಲಿ ಒತ್ತಿದಾಗ ಒಳಗೆ ಟೊಳ್ಳು ಅನಿಸಿದರೆ ಬಿಡಿ, ಎಸಳು ಒಣಗಿ ಹೋಗಿದೆ. ಗದಗ ಕಡೆಯ ಜವಾರಿಯಾದರೂ ಸರಿ, ಊಟಿಯದಾದರೂ ಸರಿ, ಮಧ್ಯಪ್ರದೇಶದಿಂದ ಬರುವ ಬಿಳಿ ಗಡ್ಡೆಯಾದರೂ ಸರಿ. ಜವಾರಿಯದಕ್ಕೆ ಘಾಟು ಜಾಸ್ತಿ, ಸಿಪ್ಪೆ ಸುಲಿಯುವ ಗೋಳೂ ಜಾಸ್ತಿ. ಒಂಟಿ ಬೆಳ್ಳುಳ್ಳಿಗೆ ಮೂರು ಪಟ್ಟು ದುಡ್ಡು ಕೊಡಬೇಕಾಗಿಲ್ಲ. ನನ್ನ ಪ್ರಕಾರ ಅದರಲ್ಲಿ ಸಿಗುವ ಹೆಚ್ಚಿನ ಲಾಭ ಒಂದೇ, ಸುಲಿಯುವುದು ಸುಲಭ. ಚೀನಾ ಬೆಳ್ಳುಳ್ಳಿಯ ಆಮದು ನಮ್ಮಲ್ಲಿ 2014ರಿಂದಲೇ ನಿಷೇಧ. ಹಾಗಿದ್ದೂ ಆಗಾಗ ಮಾರುಕಟ್ಟೆಗೆ ನುಸುಳುತ್ತದೆ. ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಎಲ್ಲಿಯದು ಅಂತ ಕೇಳಿಯೇ ಕೊಳ್ಳಿ.

ಮೊಳಕೆ ಬಂದಿದ್ದರೆ ಬಿಸಾಡಬೇಡಿ. ನಡುವಿನ ಹಸಿರು ಸುಳಿ ಸ್ವಲ್ಪ ಕಹಿ, ಬೇಕಾದರೆ ಕಿತ್ತುಹಾಕಿ. ಆದರೆ ಬೂಷ್ಟು ಕಂಡರೆ, ಎಸಳು ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಹಸಿಯಾಗಿ ತಿನ್ನುವ ಉಳಿತಾಯ ಬೇಡ.

ಪ್ಯಾಕೆಟ್ಟಿನ ಶುಂಠಿ ಬೆಳ್ಳುಳ್ಳಿ ಪೇಸ್ಟು ಈ ಕೆಲಸಕ್ಕೆ ಆಗುವುದೇ ಇಲ್ಲ. ಯಾಕೆ ಅನ್ನುವುದು ಮುಂದಿನ ಮೂರು ಹಂತ ಓದಿದರೆ ತಾನಾಗಿಯೇ ಗೊತ್ತಾಗುತ್ತದೆ.

## ಹಂತ 4: ಬಿಸಿ ತಾಗಿಸದೆ ಸುಲಿಯಿರಿ

ಇಪ್ಪತ್ತು ಸೆಕೆಂಡ್ ಮೈಕ್ರೊವೇವಿನಲ್ಲಿಟ್ಟರೆ ಸಿಪ್ಪೆ ತಾನೇ ಬಿಡುತ್ತದೆ ಅನ್ನುವ ಉಪಾಯ ಈಗ ಎಲ್ಲರಿಗೂ ಗೊತ್ತು. ಕುದಿಯುವ ನೀರಲ್ಲಿ ಮುಳುಗಿಸುವವರೂ ಇದ್ದಾರೆ. ಅಡುಗೆಗಾದರೆ ಧಾರಾಳವಾಗಿ ಮಾಡಿ. ಹಸಿಯಾಗಿ ತಿನ್ನಲು ಮಾತ್ರ ಬೇಡ. ಬೆಳ್ಳುಳ್ಳಿಯ ಕೆಲಸವೆಲ್ಲ ನಿಂತಿರುವುದು ಒಂದು ಕಿಣ್ವದ (ಎಂಜೈಮ್) ಮೇಲೆ. ಒಂದು ನಿಮಿಷದ ಮೈಕ್ರೊವೇವ್ ಬಿಸಿ ಸಾಕು, ಅದು ಸತ್ತುಹೋಗುತ್ತದೆ. ಇಪ್ಪತ್ತು ಸೆಕೆಂಡಿಗೂ ಎಷ್ಟೋ ಪೆಟ್ಟು ಬೀಳುತ್ತದೆ.

ಬೇಕಿರುವುದು ಒಂದೆರಡು ಎಸಳು ತಾನೇ? ಬುಡದ ಗಟ್ಟಿ ಭಾಗವನ್ನು ಚಾಕುವಿನಿಂದ ತೆಗೆದು, ಮೇಲಿಂದ ಹಗುರವಾಗಿ ಒಮ್ಮೆ ಒತ್ತಿ. ಸಿಪ್ಪೆ ಬಿಡುತ್ತದೆ. ಜವಾರಿ ಎಸಳಾದರೆ ತಣ್ಣೀರಲ್ಲಿ ಐದು ನಿಮಿಷ ಬಿಟ್ಟು ಸುಲಿಯಿರಿ.

## ಹಂತ 5: ಜಜ್ಜುವುದು. ಇಡೀ ಕೆಲಸದ ಜೀವ ಇಲ್ಲಿದೆ

ಸುಲಿಯದ ಒಂದು ಎಸಳನ್ನು ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಇಲ್ಲ ಅನ್ನುವಷ್ಟು ಕಡಿಮೆ. ಈಗ ಅದನ್ನೇ ಸುಲಿದು ಕುಟ್ಟಾಣಿಗೆ ಹಾಕಿ ನಾಲ್ಕು ಏಟು ಕೊಡಿ. ಕಣ್ಣಲ್ಲಿ ನೀರು ಬರುವ ಹಾಗೆ ಘಾಟು ಏಳುತ್ತದೆ. ಆ ಘಾಟು ಮೊದಲು ಎಲ್ಲಿತ್ತು? ಎಲ್ಲೂ ಇರಲಿಲ್ಲ. ನಿಮ್ಮ ಏಟಿಗೆ ಈಗ ಹುಟ್ಟಿತು.

ಎಸಳಿನೊಳಗೆ ಅಲಿಯಿನ್ ಎಂಬ ವಾಸನೆಯಿಲ್ಲದ ವಸ್ತು ಒಂದು ಕಡೆ ಇರುತ್ತದೆ. ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ. ಪಕ್ಕದ ಪಕ್ಕದ ಕೋಣೆ, ನಡುವೆ ಗೋಡೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಹುಟ್ಟುವುದು ಅಲಿಸಿನ್. ಬೆಳ್ಳುಳ್ಳಿ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಬಹುಪಾಲು ಇದನ್ನೇ ನೆಚ್ಚಿಕೊಂಡು ಹೇಳುವುದು. 1944ರಲ್ಲಿ ಇದನ್ನು ಬೇರ್ಪಡಿಸಿ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಿದ್ದರು.

ಇಡೀ ಎಸಳು ನುಂಗುವುದು ಯಾಕೆ ದಂಡ ಅಂತ ಈಗ ಗೊತ್ತಾಯಿತಲ್ವಾ? ಗೋಡೆ ಒಡೆಯದ ಎಸಳು ಹಾಗೇ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಯಲ್ಲಿರುವುದು ಪ್ರಬಲವಾದ ಆಮ್ಲ. ಅಷ್ಟು ಹುಳಿಯಲ್ಲಿ ಕಿಣ್ವ ಕೆಲಸ ಮಾಡುವುದಿಲ್ಲ. ಅಲಿಸಿನ್ ಹುಟ್ಟುವುದು ಕಡಿಮೆ, ಎಸಳು ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಡುವ ಅಪಾಯ ಬೇರೆ.

ಎಸಳಿನ ಜೊತೆ ಎರಡು ಹರಳು ಕಲ್ಲುಪ್ಪು ಹಾಕಿ. ಉಪ್ಪು ಹಿಡಿತ ಕೊಡುತ್ತದೆ, ಎಸಳು ಜಾರಿ ನೆಲಕ್ಕೆ ಹಾರುವುದಿಲ್ಲ. ತುಂಡು ಕಾಣದ ಹಾಗೆ, ಒದ್ದೆ ಮುದ್ದೆ ಆಗುವವರೆಗೆ ಜಜ್ಜಿ. ಮೂರು ಹೋಳು ಮಾಡಿ "ಜಜ್ಜಿದೆ" ಎನ್ನುವುದಲ್ಲ. ಬಿಪಿ ಇರುವವರು ಉಪ್ಪು ಬಿಡಿ, ಸ್ವಲ್ಪ ಹೊತ್ತು ಜಾಸ್ತಿ ಕುಟ್ಟಿ.

## ಹಂತ 6: ಹತ್ತು ನಿಮಿಷ ಮುಟ್ಟಬೇಡಿ

ಜಜ್ಜಿದ್ದನ್ನು ಬಟ್ಟಲಿಗೆ ತೆಗೆದು, ಮುಚ್ಚಿ, ಟೈಮರ್ ಒತ್ತಿ. ಹತ್ತು ನಿಮಿಷ. ಅಷ್ಟರಲ್ಲಿ ಕಿಣ್ವ ತನ್ನ ಕೆಲಸ ಮುಗಿಸಿರುತ್ತದೆ. ರೊಟ್ಟಿ ಬಡಿಯಿರಿ, ತಟ್ಟೆ ಹಾಕಿ, ಏನಾದರೂ ಮಾಡಿ. ಬಟ್ಟಲಿಗೆ ಮಾತ್ರ ಏನೂ ಸೇರಿಸಬೇಡಿ.

ಎಲ್ಲರೂ ಎಡವುವುದು ಇಲ್ಲೇ. ಜಜ್ಜಿದ ಕೂಡಲೇ ನಿಂಬೆಹಣ್ಣು ಹಿಂಡುತ್ತಾರೆ. ಹುಳಿ ಬಿದ್ದರೆ ಕಿಣ್ವ ಅಲ್ಲಿಗೇ ನಿಲ್ಲುತ್ತದೆ. ಹುಣಸೆರಸ, ವಿನೆಗರ್ ಕೂಡ ಹಾಗೆಯೇ. ಮೊದಲು ಹತ್ತು ನಿಮಿಷ, ಆಮೇಲೆ ಹುಳಿ. ಹುಳಿ ಸೇರಿದ ಮೇಲೆ ಬೆಳ್ಳುಳ್ಳಿ ಒಮ್ಮೊಮ್ಮೆ ಹಸಿರಿಗೆ ಇಲ್ಲವೇ ನೀಲಿಗೆ ತಿರುಗುವುದುಂಟು. ಉಪ್ಪಿನಕಾಯಿ ಹಾಕುವವರಿಗೆ ಇದು ಹೊಸದಲ್ಲ. ಅದು ವಿಷವಲ್ಲ, ತಿನ್ನಬಹುದು.

ಬಿಸಿಗೂ ಇದೇ ಮಾತು. ಜಜ್ಜಿ ನೇರವಾಗಿ ಕುದಿಯುವ ಹಾಲಿಗೆ ಹಾಕಿದರೆ ಕಿಣ್ವ ಬೆಂದುಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಹಾಕಿದರೆ, ಬೆಂದರೂ ಸ್ವಲ್ಪ ಗುಣ ಉಳಿಯುತ್ತದೆ. ಹಸಿ ಬೆಳ್ಳುಳ್ಳಿ ಆಗದವರು ಇಷ್ಟು ಮಾಡಿದರೂ ಸಾಕು: ದಿನದ ಸಾರಿನ ಬೆಳ್ಳುಳ್ಳಿಯನ್ನು ಮೊದಲೇ ಜಜ್ಜಿಟ್ಟುಕೊಂಡು, ತರಕಾರಿ ಹೆಚ್ಚಿ ಮುಗಿಸಿ, ಆಮೇಲೆ ಒಗ್ಗರಣೆಗೆ ಹಾಕಿ. ಖರ್ಚಿಲ್ಲದ ಬದಲಾವಣೆ.

ಹತ್ತು ನಿಮಿಷ ಒಳ್ಳೆಯದಾದರೆ ಹತ್ತು ಗಂಟೆ ಇನ್ನೂ ಒಳ್ಳೆಯದು ಅಂತ ರಾತ್ರಿಯೇ ಜಜ್ಜಿಡಬೇಡಿ. ಅಲಿಸಿನ್ ತಾನಾಗಿಯೇ ಒಡೆಯುತ್ತಾ ಹೋಗುವ ವಸ್ತು. ಎಣ್ಣೆಯಲ್ಲಂತೂ ಬಲುಬೇಗ. ಜಜ್ಜಿದ ಒಂದು ಗಂಟೆಯೊಳಗೆ ತಿಂದುಬಿಡಿ.

## ಹಂತ 7: ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ಸಸ್ಯಗಳ ಪುಸ್ತಕದಲ್ಲಿ ದೊಡ್ಡವರಿಗೆ ದಿನಕ್ಕೆ 2ರಿಂದ 5 ಗ್ರಾಂ ತಾಜಾ ಬೆಳ್ಳುಳ್ಳಿ ಎಂದಿದೆ. ಜರ್ಮನಿಯ ಸರ್ಕಾರಿ ಸಮಿತಿ ಹೇಳಿದ್ದು 4 ಗ್ರಾಂ. ನಾನು ಹೇಳುವುದು ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ ಅಂತ.

ಮೊದಲ ವಾರ ಒಂದು ಗ್ರಾಂ. ಅಂದರೆ ಜವಾರಿಯದಾದರೆ ಒಂದು ಎಸಳು, ದಪ್ಪದ್ದಾದರೆ ಕಾಲು ಎಸಳು. ಅದೂ ದಿನ ಬಿಟ್ಟು ದಿನ. ಹೊಟ್ಟೆ ಸುಮ್ಮನಿದ್ದರೆ ಎರಡನೇ ವಾರ ದಿನಾ ಅಷ್ಟೇ. ಮೂರನೇ ವಾರ ಎರಡು ಗ್ರಾಂ. ಅಲ್ಲಿಗೆ ನಿಲ್ಲಿಸಿ. ನಾಲ್ಕು ಗ್ರಾಂ ದಾಟುವ ಕಾರಣ ನನಗಂತೂ ಕಂಡಿಲ್ಲ. ನೆಗಡಿ ಬಂತು ಅಂತ ಒಂದೇ ದಿನ ಇಡೀ ಗಡ್ಡೆ ಜಜ್ಜಿ ತಿನ್ನುವವರಿಗೆ ನೆಗಡಿಯ ಜೊತೆ ಭೇದಿಯೂ ಶುರುವಾಗುತ್ತದೆ, ಅಷ್ಟೇ ಫಲ.

## ಹಂತ 8: ಯಾವುದರ ಜೊತೆ, ಯಾವ ಹೊತ್ತಿಗೆ

ಖಾಲಿ ಹೊಟ್ಟೆಗೆ ಬೇಡ. "ಖಾಲಿ ಹೊಟ್ಟೆಗೆ ತಿಂದರೇನೇ ಗುಣ" ಅನ್ನುವ ಮಾತಿಗೆ ಗಟ್ಟಿ ಆಧಾರವಿಲ್ಲ. ಉರಿಗೆ ಮಾತ್ರ ಗಟ್ಟಿ ಆಧಾರವಿದೆ, ತಿಂದವರನ್ನು ಕೇಳಿ. ಊಟದ ನಡುವೆ, ನಾಲ್ಕು ತುತ್ತು ಒಳಗೆ ಹೋದ ಮೇಲೆ ತಿನ್ನಿ.

ನನಗೆ ಇಷ್ಟದ್ದು ಜೋಳದ ರೊಟ್ಟಿ. ಹತ್ತು ನಿಮಿಷ ಆದ ಮುದ್ದೆಗೆ ಚಿಟಿಕೆ ಖಾರದಪುಡಿ, ಒಂದು ಚಮಚ ಹಸಿ ಶೇಂಗಾ ಎಣ್ಣೆ. ರೊಟ್ಟಿಯ ಚೂರಿನಿಂದ ಬಳಿದು ತಿನ್ನುವುದು. ಇದನ್ನು ಮದ್ದು ಅಂತ ಯಾರೂ ಕರೆಯುವುದಿಲ್ಲ, ಆದರೂ ಕ್ರಮ ಸರಿಯಾಗಿಯೇ ಇದೆ ನೋಡಿ.

ಖಾರ ಆಗದವರಿಗೆ ಮೊಸರನ್ನ ಸುಲಭ. ಮೊಸರು ಘಾಟನ್ನು ಹಿಡಿದುಕೊಳ್ಳುತ್ತದೆ. ಮಜ್ಜಿಗೆಗೆ ಬೆರೆಸಿ, ಕೊತ್ತಂಬರಿ ಸೊಪ್ಪು ಹಾಕಿ ಕುಡಿಯಬಹುದು. ಕಾಯಿಚಟ್ನಿ ಇದ್ದ ದಿನ ಅದರ ಮೇಲೆ ಬೆರೆಸಿಕೊಳ್ಳಿ. ಬಿಸಿ ಅನ್ನ ತುಪ್ಪಕ್ಕಾದರೆ ಅನ್ನ ಕೈಗೆ ಹಿತವಾಗುವಷ್ಟು ಆರಲಿ.

ಜೇನಿನಲ್ಲಿ ಬೆರೆಸಿ ನೆಕ್ಕುವವರು ಅವತ್ತಿಗೆ ಬೇಕಾದಷ್ಟನ್ನೇ ಕಲಸಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಸಲ್ಲದು. ಬೆಳ್ಳುಳ್ಳಿ ಇರಲಿ, ಇಲ್ಲದಿರಲಿ.

ರಾತ್ರಿ ತಿಂದು ತಕ್ಷಣ ಮಲಗಬೇಡಿ. ಹುಳಿತೇಗು ಗಂಟಲಿಗೆ ಬಂದರೆ ನಿದ್ದೆ ಹಾಳು. ಆಫೀಸಿಗೆ ಹೋಗುವವರು ರಾತ್ರಿ ಬೇಗ ಊಟ ಮಾಡಿ ಅದರಲ್ಲಿ ಸೇರಿಸಿಕೊಳ್ಳುವುದೇ ವಾಸಿ.

## ಮಾಡಲೇಬಾರದ ನಾಲ್ಕು ಕೆಲಸ

ಚರ್ಮಕ್ಕೆ ಕಟ್ಟುವುದು. ಇದನ್ನು ನಾನೇ ಮಾಡಿ ಕಲಿತೆ. ಒಂದು ಮಳೆಗಾಲ ಮೊಣಕಾಲು ನೋವಿಗೆ ಯಾರೋ ಹೇಳಿದರು ಅಂತ ಜಜ್ಜಿದ ಬೆಳ್ಳುಳ್ಳಿ ಇಟ್ಟು ಬಟ್ಟೆ ಬಿಗಿದು ಮಲಗಿದೆ. ಮೊದಲು ಬಿಸಿಬಿಸಿ ಅನಿಸಿತು, "ಎಳೀತಾ ಇದೆ" ಅಂತ ಖುಷಿಪಟ್ಟೆ. ಬೆಳಿಗ್ಗೆ ಬಿಚ್ಚಿದರೆ ಎಂಟಾಣೆ ಅಗಲದ ಎರಡು ಬೊಬ್ಬೆ, ಸುತ್ತ ಕೆಂಪು. ಬೊಬ್ಬೆ ಒಡೆದು ಮಾಯಲು ಮೂರು ವಾರ ಹಿಡಿಯಿತು. ಕಪ್ಪು ಕಲೆ ಇವತ್ತಿಗೂ ಇದೆ. ಮೊಣಕಾಲು ನೋವೂ ಇದೆ. ಹಸಿ ಬೆಳ್ಳುಳ್ಳಿ ಚರ್ಮವನ್ನು ನಿಜವಾಗಿಯೂ ಸುಡುತ್ತದೆ. ಮಕ್ಕಳ ಅಂಗಾಲಿಗೆ, ಮಣಿಕಟ್ಟಿಗೆ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ಅವರ ಚರ್ಮ ತೆಳು, ಸುಡುತ್ತಿದೆ ಅಂತ ಹೇಳಲು ಕೆಲವಕ್ಕೆ ಬಾಯಿಯೂ ಬರುವುದಿಲ್ಲ.

ಕಿವಿಗೆ, ಮೂಗಿಗೆ ಹಾಕುವುದು. ಕಿವಿನೋವಿಗೆ ಬೆಳ್ಳುಳ್ಳಿ ಎಣ್ಣೆ ಬಿಡುವುದು, ಕಟ್ಟಿದ ಮೂಗಿಗೆ ಎಸಳು ಸಿಕ್ಕಿಸುವುದು. ಕಿವಿಯ ತಮಟೆ ತೂತಾಗಿದ್ದರೆ ಹೊರಗಿಂದ ಕಾಣುವುದಿಲ್ಲ. ಎಸಳು ತೆಗೆದಾಗ ಮೂಗು ಸುರಿಯುವುದು ಗುಣವಾಗಿ ಅಲ್ಲ, ಉರಿಗೆ.

ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು. ಇದು ಎಲ್ಲಕ್ಕಿಂತ ಅಪಾಯ, ಗೊತ್ತಿರುವವರು ಕಡಿಮೆ. ನೆಲದಲ್ಲಿ ಬೆಳೆಯುವ ಬೆಳ್ಳುಳ್ಳಿಗೆ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣ ಅಂಟಿರಬಹುದು. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿಯೂ ಇಲ್ಲ. ಆ ಬ್ಯಾಕ್ಟೀರಿಯಾಕ್ಕೆ ಅದೇ ಬೇಕು. ಅದು ಬಿಡುವ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಆಗದಿರುವುದು ಇದರ ಗುರುತು. ಕಂಡ ಕೂಡಲೇ ಆಸ್ಪತ್ರೆಗೆ ಹೋಗಿ. ಎಣ್ಣೆಯಲ್ಲಿ ಹಾಕಲೇಬೇಕೆಂದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಹುಳಿ, ಉಪ್ಪು ಸರಿಯಾಗಿ ಹಾಕಿದ ಉಪ್ಪಿನಕಾಯಿಯ ಕಥೆ ಬೇರೆ.

ನಾಯಿ, ಬೆಕ್ಕಿಗೆ ಕೊಡುವುದು. ನಿಮಗೆ ಆದದ್ದು ಅವಕ್ಕೆ ಆಗುವುದಿಲ್ಲ. ಅವುಗಳ ರಕ್ತಕಣ ಹಾಳಾಗುತ್ತವೆ.

## ಎಚ್ಚರಿಕೆಯ ಗುರುತುಗಳು

ಜಜ್ಜಿದ್ದು ತಿಂದಾಗ ನಾಲಿಗೆ ಚುರ್ ಅನ್ನುವುದು, ಒಂದೆರಡು ತೇಗು ಬರುವುದು ಸಹಜ. ಎದೆಯುರಿ ಎರಡು ದಿನ ಬಿಡದಿದ್ದರೆ ಅರ್ಧಕ್ಕೆ ಇಳಿಸಿ. ಆಗಲೂ ಬಿಡದಿದ್ದರೆ ಹಸಿಯದು ನಿಮಗಲ್ಲ, ಬೇಯಿಸಿದ್ದಕ್ಕೆ ಹೋಗಿ. ಹೊಟ್ಟೆ ನುಲಿದು ಭೇದಿಯಾದರೂ ಅಷ್ಟೇ.

ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಮೂಗಿನಲ್ಲಿ ರಕ್ತ, ಏಟು ಬೀಳದೆಯೂ ಮೈಮೇಲೆ ನೀಲಿ ಕಲೆ, ಟಾರಿನಂಥ ಕಪ್ಪು ಮಲ. ಇದರಲ್ಲಿ ಯಾವುದು ಕಂಡರೂ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಅಲ್ಲ ಅಂತ ಖಾತ್ರಿಯಾಗುವವರೆಗೆ ಹಸಿ ಬೆಳ್ಳುಳ್ಳಿ ನಿಲ್ಲಿಸಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ. ಅದಕ್ಕೇ ಆಸ್ಪಿರಿನ್, ಐಬುಪ್ರೊಫೆನ್ ಬೇಡ ಅನ್ನುತ್ತಾರೆ. ಅದೇ ಲೆಕ್ಕದಲ್ಲಿ ಇದೂ ಬೇಡ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತ ಕಾಣುವುದು, ಎದ್ದು ನಿಲ್ಲಲಾಗದ ಸುಸ್ತು ಶುರುವಾದರೆ ಕಷಾಯ ಕಾಯಿಸುತ್ತಾ ಕೂರಬೇಡಿ.

ಎರಡು ವಾರ ದಾಟಿದ ಕೆಮ್ಮಿಗೂ ಬೆಳ್ಳುಳ್ಳಿ ಉತ್ತರವಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಪರೀಕ್ಷೆಯೂ ಚಿಕಿತ್ಸೆಯೂ ಅಲ್ಲಿ ಉಚಿತ.

## ಹಂತ 9: ವಾಸನೆ ಮತ್ತು ತೊಳೆಯುವ ಕೆಲಸ

ಹಲ್ಲುಜ್ಜಿದರೂ ವಾಸನೆ ಹೋಗುವುದಿಲ್ಲ ಅಂತ ದೂರುತ್ತಾರೆ. ಹೋಗುವುದಿಲ್ಲ, ಯಾಕೆಂದರೆ ಅದು ಬರೀ ಬಾಯಲ್ಲಿ ಇರುವುದಲ್ಲ. ಬೆಳ್ಳುಳ್ಳಿಯ ಗಂಧಕದ ಒಂದು ವಸ್ತು ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಹೊರಗೆ ಬರುತ್ತಿರುತ್ತದೆ. ಮಾರನೇ ದಿನದವರೆಗೂ ಬರಬಹುದು. ಊಟದ ಜೊತೆಗೇ ಒಂದು ಲೋಟ ಹಾಲು ಕುಡಿದರೆ ಕಡಿಮೆಯಾಗುತ್ತದೆ. ಆಮೇಲೆ ಕುಡಿಯುವುದಕ್ಕಿಂತ ಜೊತೆಗೆ ಕುಡಿಯುವುದೇ ಮೇಲು. ಹಸಿ ಪುದೀನ ಎಲೆ, ಸೇಬಿನ ಎರಡು ಹೋಳು ಅಗಿದರೂ ಪರವಾಗಿಲ್ಲ. ಪೂರ್ತಿ ಹೋಗುವ ಉಪಾಯ ಒಂದೇ, ಮನೆಯವರೆಲ್ಲ ತಿನ್ನುವುದು.

ದಿನಾ ಸುಲಿಯುವವರ ಬೆರಳ ತುದಿ ಒಡೆದು ಉರಿಯುವುದುಂಟು. ಎಡಗೈಯ ಹೆಬ್ಬೆರಳು, ತೋರುಬೆರಳಲ್ಲೇ ಹಾಗಾಗುತ್ತಿದ್ದರೆ ಅದು ಬೆಳ್ಳುಳ್ಳಿಯ ಅಲರ್ಜಿ ಇರಬಹುದು, ಕೈಗವಸು ಹಾಕಿ ಸುಲಿಯಿರಿ. ಜಜ್ಜಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ತೆಗೆದಿಟ್ಟ ಮೇಲೆ ಈ ಕೆಲಸಕ್ಕೆ ಕೂರಿ.

ಉಳಿದ ಗಡ್ಡೆಯನ್ನು ಬೆತ್ತದ ಬುಟ್ಟಿಯಲ್ಲೋ ಬಲೆ ಚೀಲದಲ್ಲೋ ಗಾಳಿಯಾಡುವ ಕಡೆ ತೂಗುಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ.

ಕುಟ್ಟಾಣಿಯನ್ನು ಆಗಿಂದಾಗಲೇ ತೊಳೆಯಿರಿ. ಕಲ್ಲಿನದಾದರೆ ಒಂದು ಹಿಡಿ ಅಕ್ಕಿ ಹಾಕಿ ಕುಟ್ಟಿ ಚೆಲ್ಲಿ, ವಾಸನೆ ಎಳೆದುಕೊಳ್ಳುತ್ತದೆ. ನಾಳೆ ತೊಳೆದರಾಯಿತು ಅಂತ ಬಿಟ್ಟರೆ, ಮರೆತು ಅದರಲ್ಲೇ ಏಲಕ್ಕಿ ಕುಟ್ಟುತ್ತೀರಿ. ನಮ್ಮನೆಯಲ್ಲಿ ಕಳೆದ ಯುಗಾದಿಗೆ ಹಾಗಾಗಿ, ಒಂದು ಪಾತ್ರೆ ಶಾವಿಗೆ ಪಾಯಸವನ್ನು ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.